ವಿಟ್ಬಿಯಲ್ಲಿ ಹೊಲಿಸಿದ ನನ್ನ ಕಪ್ಪು ಮದುವೆ ಗೌನು

ನವೆಂಬರ್ ಮೊದಲ ವಾರ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನನ್ನ ರಿಜಿಸ್ಟರ್ ಮದುವೆ ಆಯಿತು. ನಾನು ತೊಟ್ಟಿದ್ದು ಕಪ್ಪು ವೆಲ್ವೆಟ್ ಗೌನು. ಫೋಟೋ ನೋಡಿದವರೆಲ್ಲ ಕೇಳಿದ್ದು ಮೂರೇ ಪ್ರಶ್ನೆ: ಎಲ್ಲಿ ಹೊಲಿಸಿದೆ, ಎಷ್ಟಾಯಿತು, ಮನೆಯಲ್ಲಿ ಹೇಗೆ ಒಪ್ಪಿದರು. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಕಪ್ಪು, ಕತ್ತಲಿನ ಛಾಯೆಯ ಗಾಥಿಕ್ ಶೈಲಿಯ ಮದುವೆ ಉಡುಪು ಹುಡುಕುತ್ತಿರುವ ಕನ್ನಡದ ಹುಡುಗಿ ನಾನೊಬ್ಬಳೇ ಇರಲಾರೆ ಅಲ್ವಾ.

ಹೊಲಿದುಕೊಟ್ಟವರ ಹೆಸರು ಹಾಕುತ್ತಿಲ್ಲ. ಅರವತ್ತು ದಾಟಿದ ಹೆಂಗಸು ಅವರು. ಇಂಗ್ಲೆಂಡಿನ ವಿಟ್ಬಿ ಅನ್ನುವ ಊರಿನಲ್ಲಿ ತಮ್ಮ ಮನೆಯ ಅಟ್ಟದ ಕೋಣೆಯಲ್ಲಿ ಒಬ್ಬರೇ ಕೂತು ಹೊಲಿಯುತ್ತಾರೆ. ವರ್ಷಕ್ಕೆ ಹತ್ತು ಹನ್ನೆರಡು ಮದುವೆ ಉಡುಪು ಒಪ್ಪಿಕೊಳ್ಳುತ್ತಾರೆ, ಅಷ್ಟೇ. ಹೆಸರು ಬರೀಬೇಡ, ಈಗಿರುವ ಕೆಲಸವೇ ಸಾಕು ಅಂತ ಅವರೇ ಹೇಳಿದ್ದಾರೆ. ಆದರೆ ವಿಟ್ಬಿಗೆ ಹೋಗಿ ನಾಲ್ಕು ಅಂಗಡಿಯಲ್ಲಿ ವಿಚಾರಿಸಿದರೆ ಯಾರಾದರೂ ದಾರಿ ತೋರಿಸುತ್ತಾರೆ. ನನಗೆ ಸಿಕ್ಕಿದ್ದೂ ಹಾಗೇ.

ನಾನು ಬೆಳಗಾವಿಯವಳು. ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದಾಗ ಸೀನಿಯರ್ ಒಬ್ಬಳ ಪೆನ್‌ಡ್ರೈವಿನಿಂದ ಗಾಥ್ ಅನ್ನುವ ಮಂಕು ಛಾಯೆಯ ರಾಕ್ ಸಂಗೀತ ಮೊದಲ ಸಲ ಕಿವಿಗೆ ಬಿತ್ತು. ಆಮೇಲೆ ಬಿಡಲೇ ಇಲ್ಲ. ಹತ್ತು ವರ್ಷದ ನಂತರ ಕೆಲಸ ಸಿಕ್ಕಿ ಲೀಡ್ಸ್‌ಗೆ ಬಂದೆ. ಆ ಸಂಗೀತದ ಎಷ್ಟೋ ತಂಡಗಳು 1980ರ ಆಸುಪಾಸಿನಲ್ಲಿ ಹುಟ್ಟಿದ್ದು ಇದೇ ಊರಲ್ಲಿ ಅಂತ ಬಂದ ಮೇಲೆ ಗೊತ್ತಾಯಿತು. ನನ್ನ ಗಂಡ ಪರಿಚಯ ಆಗಿದ್ದೂ ಅಂಥದೇ ಒಂದು ಸಂಗೀತದ ರಾತ್ರಿಯಲ್ಲಿ. ಹೀಗಾಗಿ ಮದುವೆಗೆ ಕಪ್ಪು ಅನ್ನುವುದು ನಮ್ಮಿಬ್ಬರಲ್ಲಿ ಚರ್ಚೆಗೇ ಬರಲಿಲ್ಲ. ಎಂಥ ಕಪ್ಪು ಅನ್ನುವುದು ಮಾತ್ರ ಏಳು ತಿಂಗಳ ಕೆಲಸ ಆಯಿತು.

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಫೆಬ್ರವರಿಯಲ್ಲಿ ಆನ್‌ಲೈನ್‌ನಲ್ಲಿ ಒಂದು ಗೌನು ತರಿಸಿದೆ. ಬೆಲೆ 260 ಪೌಂಡ್. ಫೋಟೋದಲ್ಲಿ ಕಲ್ಲಿನ ಚರ್ಚಿನ ಬಾಗಿಲಲ್ಲಿ ನಿಂತ ಹುಡುಗಿ, ಮೈಮೇಲೆ ಗಾಢ ಕಪ್ಪು ವೆಲ್ವೆಟ್, ತೋಳಿನ ತುಂಬ ಲೇಸು. ಪಾರ್ಸೆಲ್ ಬಿಚ್ಚಿದ ಕೂಡಲೇ ಮೂಗಿಗೆ ಬಡಿದದ್ದು ಹೊಸ ರೆಕ್ಸಿನ್ ಬ್ಯಾಗಿನ ವಾಸನೆ. ವೆಲ್ವೆಟ್ ಅಂತ ಬರೆದಿದ್ದು ಲೆಗ್ಗಿಂಗ್ಸ್ ಥರ ಹಿಗ್ಗುವ ಪಾಲಿಯೆಸ್ಟರ್. ಲೇಸನ್ನು ಹೊಲಿದಿರಲಿಲ್ಲ, ಅಂಟು ಹಚ್ಚಿ ಕೂರಿಸಿದ್ದರು. ಸೊಂಟದ ಭಾಗಕ್ಕೆ ಆಕಾರ ನಿಲ್ಲಿಸುವ ಕಡ್ಡಿ ಹಾಕಿದೆ ಅಂದಿದ್ದರು. ಹಾಕಿದ್ದು ನಿಜ, ಆದರೆ ಪ್ಲಾಸ್ಟಿಕ್ ಕಡ್ಡಿ. ಅರ್ಧ ಗಂಟೆ ಕೂತರೆ ಹೊಟ್ಟೆಯ ಹತ್ತಿರ ಬಾಗಿ ಚುಚ್ಚುತ್ತಿತ್ತು. ಕಿಟಕಿ ಹತ್ತಿರ ನಿಂತರೆ ಬಟ್ಟೆ ಕಪ್ಪಾಗಿಯೇ ಕಾಣುತ್ತಿರಲಿಲ್ಲ, ನೇರಳೆ ಹೊಡೆಯುತ್ತಿತ್ತು. ಅವತ್ತು ರಾತ್ರಿ ನಿಜವಾಗಿಯೂ ಅತ್ತೆ.

ವಾಪಸ್ ಕಳಿಸುತ್ತೇನೆ ಅಂದಾಗ, ಆರ್ಡರ್ ಬಂದ ಮೇಲೆ ಹೊಲಿದ ಉಡುಪು, ವಾಪಸ್ ತಗೊಳ್ಳುವುದಿಲ್ಲ ಅಂತ ಉತ್ತರ ಬಂತು. ಇಲ್ಲಿ ಒಂದು ಮಾತು ಗೊತ್ತಿರಲಿ. ಬ್ರಿಟನ್ನಿನಲ್ಲಿ 2013ರ ಗ್ರಾಹಕ ನಿಯಮದ ಪ್ರಕಾರ ಆನ್‌ಲೈನ್‌ನಲ್ಲಿ ಕೊಂಡ ವಸ್ತು ಕೈಗೆ ಬಂದ 14 ದಿನದೊಳಗೆ ಕಾರಣ ಹೇಳದೆಯೇ ರದ್ದು ಮಾಡಬಹುದು. ನಮ್ಮ ಮೈ ಅಳತೆಗೆ ಅಂತಲೇ ಮಾಡಿಸಿದ್ದಕ್ಕೆ ಮಾತ್ರ ಈ ಹಕ್ಕು ಇಲ್ಲ. ನಾನು ಅವರ ಪಟ್ಟಿಯಲ್ಲಿದ್ದ 12ನೇ ಸೈಜ್ ಆರಿಸಿದ್ದೆ, ನನ್ನ ಅಳತೆ ಕೊಟ್ಟಿರಲಿಲ್ಲ. ಅದನ್ನೇ ಹಿಡಿದು ನಾಲ್ಕು ಮೇಲ್ ಬರೆದ ಮೇಲೆ ದುಡ್ಡು ಬಂತು. ಅಂಚೆ ಖರ್ಚು ನನ್ನದೇ ಆಯಿತು. ಆನ್‌ಲೈನ್‌ನಲ್ಲಿ ತರಿಸುವುದೇ ಆದರೆ ಟ್ಯಾಗ್ ಕೀಳಬೇಡಿ, ಬಂದ ದಿನವೇ ಹಗಲು ಬೆಳಕಿನಲ್ಲಿ ಹಾಕಿ ನೋಡಿ.

ವಿಟ್ಬಿ ಯಾರ್ಕ್‌ಶೈರ್‌ನ ಕಡಲ ದಂಡೆಯ ಸಣ್ಣ ಊರು. ಗುಡ್ಡದ ಮೇಲೆ ಪಾಳುಬಿದ್ದ ಹಳೇ ಮಠ, ವಿಟ್ಬಿ ಅಬ್ಬಿ. ಅಲ್ಲಿಗೆ ಹತ್ತಲು 199 ಮೆಟ್ಟಿಲು. 1994ರಿಂದ ಇಲ್ಲಿ ಗಾಥ್ ಮಂದಿ ಸೇರುವ ವಾರಾಂತ್ಯ ನಡೆಯುತ್ತದೆ. ನಾವಿಬ್ಬರೂ ಪ್ರತಿ ವರ್ಷ ಚಳಿಗಾಲದ ಮುಂಚೆ ಹೋಗುತ್ತಿದ್ದೆವು. ಮೆಟ್ಟಿಲಿನ ಬುಡದಲ್ಲಿರುವ ಚರ್ಚ್ ಸ್ಟ್ರೀಟಿನಲ್ಲಿ ಜೆಟ್ ಅನ್ನುವ ಕಪ್ಪು ವಸ್ತುವಿನ ಒಡವೆಗಳ ಅಂಗಡಿಗಳಿವೆ. ಏಪ್ರಿಲ್‌ನಲ್ಲಿ ಅಂಥದೊಂದು ಅಂಗಡಿಯಲ್ಲಿ ಓಲೆ ನೋಡುತ್ತಾ ನನ್ನ ಗೌನಿನ ಕಥೆ ಹೇಳಿಕೊಂಡೆ. ಕೌಂಟರಿನಲ್ಲಿದ್ದ ಹೆಂಗಸು ಒಂದು ಚೀಟಿಯಲ್ಲಿ ಫೋನ್ ನಂಬರ್ ಬರೆದುಕೊಟ್ಟರು. ಫೋನ್ ಮಾಡಿದೆ. "ಮಧ್ಯಾಹ್ನ ಬಾ, ಬೆಳಕು ಚೆನ್ನಾಗಿರುತ್ತದೆ" ಅಂದರು ಆ ಕಡೆಯಿಂದ. ಆಗಲೇ ನನಗೆ ಅರ್ಧ ನಂಬಿಕೆ ಬಂತು.

ಅಟ್ಟದ ಕೋಣೆಗೆ ಉತ್ತರ ದಿಕ್ಕಿಗೆ ಒಂದು ದೊಡ್ಡ ಕಿಟಕಿ. ಅದರ ಕೆಳಗೆ ಕಟಿಂಗ್ ಟೇಬಲ್. ಅಳತೆ ತಗೊಳ್ಳುವ ಮುಂಚೆ ಅವರು ಒಂದು ಡಬ್ಬಿ ತೆಗೆದು ಕಪ್ಪು ಬಟ್ಟೆಯ ತುಂಡುಗಳನ್ನು ಸಾಲಾಗಿ ಜೋಡಿಸಿದರು. ಹದಿನಾಲ್ಕು ತುಂಡು. "ಇದರಲ್ಲಿ ಕಪ್ಪು ಯಾವುದು?" ಅಂತ ಕೇಳಿದರು.

ನಾನು ಎಲ್ಲವೂ ಕಪ್ಪೇ ಅನ್ನುವವಳಿದ್ದೆ. ಒಂದರ ಪಕ್ಕ ಒಂದು ಇಟ್ಟಾಗ ಕಣ್ಣಿಗೆ ಬಿತ್ತು. ಒಂದು ಕಂದು ಹೊಡೆಯುತ್ತಿತ್ತು, ಒಂದು ಹಸಿರು. ಇನ್ನೊಂದು ಹಳೇ ಛತ್ರಿ ಬಟ್ಟೆಯ ಥರ ಬೂದಿ ಬಣ್ಣಕ್ಕೆ ತಿರುಗಿತ್ತು. ಕಿಟಕಿಯ ಹತ್ತಿರ ಒಂದು ಥರ, ಹಳದಿ ಬಲ್ಬಿನ ಕೆಳಗೆ ಇನ್ನೊಂದು ಥರ. ಆಮೇಲೆ ನನ್ನ ಫೋನ್ ಇಸಕೊಂಡು ಫ್ಲ್ಯಾಶ್ ಹಾಕಿ ಫೋಟೋ ತೆಗೆಸಿದರು. ಪಾಲಿಯೆಸ್ಟರ್ ಸ್ಯಾಟಿನ್ ಫೋಟೋದಲ್ಲಿ ಬಿಳಿ ಬಿಳಿ ಮಿಂಚಿತು. ಹತ್ತಿ ವೆಲ್ವೆಟ್ ಬೆಳಕನ್ನೆಲ್ಲ ಕುಡಿದುಬಿಟ್ಟಿತು. ಕಪ್ಪು ಉಡುಪು ಆರಿಸುವವರು ಬೇರೆ ಏನು ಮಾಡದಿದ್ದರೂ ಇದೊಂದನ್ನು ಮಾಡಲೇಬೇಕು. ಹಗಲು ಬೆಳಕು, ಹಳದಿ ದೀಪ, ಫ್ಲ್ಯಾಶ್, ಮೂರರಲ್ಲೂ ನೋಡಬೇಕು. ಮೇಲಿನ ಭಾಗ ಒಂದು ಥಾನು, ಕೆಳಗಿನದು ಇನ್ನೊಂದು ಥಾನು ಆದರೆ ಎರಡು ಕಪ್ಪೂ ಒಂದಕ್ಕೊಂದು ಕೂಡದೆ ಎದ್ದು ಕಾಣುತ್ತವೆ.

ಆಮೇಲೆ ನನ್ನ ಅಂಗೈ ಹಿಡಿದು ವೆಲ್ವೆಟ್ ಮೇಲೆ ಸವರಿಸಿದರು. ಮೇಲಿಂದ ಕೆಳಗೆ ಸವರಿದರೆ ನುಣ್ಣಗೆ ಜಾರುತ್ತದೆ, ಬಟ್ಟೆ ಸ್ವಲ್ಪ ಹೊಳೆಯುತ್ತದೆ. ಕೆಳಗಿಂದ ಮೇಲೆ ಸವರಿದರೆ ಬಟ್ಟೆಯ ಮೇಲಿನ ಸಣ್ಣ ರೋಮ ಎದ್ದು ನಿಲ್ಲುತ್ತದೆ. ಹಾಗಾಗಿ ರೋಮ ಮೇಲ್ಮುಖ ಇರುವಂತೆ ಕತ್ತರಿಸಿದರೆ ಕಪ್ಪು ಇನ್ನೂ ಆಳವಾಗಿ ಕಾಣುತ್ತದೆ. ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿಗೆ ಕತ್ತರಿಸಬೇಕು, ಒಂದು ತುಂಡು ತಿರುಗಿದರೂ ಆ ಭಾಗ ಬೇರೆ ಬಣ್ಣದ ಥರ ಕಾಣುತ್ತದೆ. ಬಟ್ಟೆ ಜಾಸ್ತಿ ಹಿಡಿಯುವುದು ಅದಕ್ಕೇ. ನನ್ನ ಗೌನಿಗೆ ಎಂಟು ಮೀಟರ್ ಹಿಡಿಯಿತು. ರೇಷ್ಮೆ ತಳಕ್ಕೆ ವಿಸ್ಕೋಸ್ ರೋಮ ಇರುವ ವೆಲ್ವೆಟ್ ನನಗೆ ತುಂಬ ಇಷ್ಟ ಆಗಿತ್ತು. ಕೈಯಲ್ಲಿ ಹಿಡಿದರೆ ನೀರಿನ ಥರ ಇಳಿಯುತ್ತದೆ. ಅವರು ಅದರ ಮೇಲೆ ಎರಡು ಹನಿ ನೀರು ಹಾಕಿ ತೋರಿಸಿದರು. ಒಣಗಿದ ಮೇಲೂ ಕಲೆ ಉಳಿಯಿತು. "ನಿನ್ನ ಮದುವೆ ನವೆಂಬರ್‌ನಲ್ಲಿ, ಯಾರ್ಕ್‌ಶೈರ್‌ನಲ್ಲಿ" ಅಂದರು. ಮಳೆ ತಪ್ಪಿದ್ದಲ್ಲ ಅಂತ ಅರ್ಥ. ಹತ್ತಿ ವೆಲ್ವೆಟ್ ಅಂತ ಅಲ್ಲೇ ತೀರ್ಮಾನ ಆಯಿತು.

ಗಾಥಿಕ್ ಅಂದರೆ ಶಿಲುಬೆ, ತಲೆಬುರುಡೆ, ಜೇಡರ ಬಲೆ ಅಂತ ನಾನೂ ಒಂದಷ್ಟು ಚಿತ್ರ ಕೂಡಿಟ್ಟಿದ್ದೆ. ಅವರು ಎಲ್ಲವನ್ನೂ ಸಮಾಧಾನದಿಂದ ನೋಡಿದರು. ನಂತರ ಕಿಟಕಿಯಿಂದ ಕಾಣುವ, ಗಾಥಿಕ್ ಶೈಲಿಯಲ್ಲೇ ಕಟ್ಟಿದ ಅಬ್ಬಿ ತೋರಿಸಿ, ಅಲ್ಲಿ ಏನು ಕಾಣುತ್ತದೆ ಹೇಳು ಅಂದರು. ಉದ್ದನೆಯ ಕಿಟಕಿಗಳು, ಮೇಲೆ ಚೂಪಾಗಿ ಸೇರುವ ಕಮಾನು, ಎಲ್ಲ ಗೆರೆಗಳೂ ಮೇಲಕ್ಕೇ ಎಳೆಯುತ್ತವೆ. ಉಡುಪಿನಲ್ಲೂ ಅದೇ ಬರಬೇಕು ಅಂದರು. ಸೊಂಟದ ಮುಂದೆ ಚೂಪಾಗಿ ಇಳಿಯುವ ತುದಿ, ಹಸ್ತದ ಮೇಲೆ ಚೂಪಾಗಿ ಮುಗಿಯುವ ತೋಳು, ಭುಜದಿಂದ ನೆಲದವರೆಗೆ ಮುರಿಯದ ಉದ್ದ ಹೊಲಿಗೆ. ತಲೆಬುರುಡೆ ಒಂದೂ ಇಲ್ಲದೆ ನನ್ನ ಗೌನು ನೋಡಿದವರೆಲ್ಲ ಗಾಥಿಕ್ ಅಂದರು. ಅಲಂಕಾರಕ್ಕಿಂತ ಕಟಿಂಗ್ ದೊಡ್ಡದು ಅಂತ ನಾನು ಪೂರ್ತಿ ಒಪ್ಪುತ್ತೇನೆ.

ಕಂದು ಮೈಬಣ್ಣದವರಿಗೆ ಅಂತಲೇ ಒಂದು ವಿಷಯ ಹೇಳಬೇಕು. ತೋಳಿಗೆ ಮತ್ತು ಕತ್ತಿಗೆ ಕಪ್ಪು ಲೇಸು ಬೇಕು ಅಂದಿದ್ದೆ. ಫೋಟೋಗಳಲ್ಲಿ ಕಪ್ಪು ಲೇಸು ಎದ್ದು ಕಾಣುವುದು ಕೆಳಗೆ ಬೆಳ್ಳನೆಯ ಮೈ ಇರುವುದರಿಂದ. ನನ್ನ ತೋಳಿನ ಮೇಲೆ ಇಟ್ಟು ಮೂರು ಹೆಜ್ಜೆ ದೂರ ನಿಂತು ನೋಡಿದರೆ ಹೂವಿನ ವಿನ್ಯಾಸ ಕರಗಿಹೋಗುತ್ತಿತ್ತು. ದೊಡ್ಡ ಹೂವು, ನಡುವೆ ಜಾಗ ಜಾಸ್ತಿ, ಅಂಚಿಗೆ ದಪ್ಪ ದಾರ ಇರುವ ಲೇಸು ಹುಡುಕಿದೆವು. ಎರಡು ಸಲ ಮಾದರಿ ತರಿಸಿ ಮೂರನೆಯದಕ್ಕೆ ಒಪ್ಪಿದೆ. ಅದು ಫ್ರಾನ್ಸಿನ ಕಾಲೆ ಅನ್ನುವ ಊರಿನ ಕಡೆಯದು, ಲೀವರ್ಸ್ ಅನ್ನುವ ಹಳೇ ಲೇಸು ಯಂತ್ರದಲ್ಲಿ ನೇಯ್ದದ್ದು. ಆ ಯಂತ್ರ 1813ರ ಹೊತ್ತಿಗೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ತಯಾರಾದದ್ದು ಅಂತ ಲೇಸು ಬಿಚ್ಚುತ್ತಾ ಹೇಳಿದರು. ಲೇಸಿನ ಕೆಳಗೆ ಹಾಕುವ ತೆಳು ನೆಟ್ಟಿಗೆ ಅಂಗಡಿಯವರು ಮೈಬಣ್ಣ ಅಂತ ಹೆಸರಿಟ್ಟಿರುತ್ತಾರೆ. ಆ ಮೈ ನನ್ನದಲ್ಲ. ನನ್ನ ಮೇಲೆ ಅದು ಸುಣ್ಣ ಬಳಿದ ಹಾಗೆ ಕಾಣುತ್ತಿತ್ತು. ನಾನು ಬಾಯಿ ಬಿಟ್ಟು ಹೇಳುವ ಮೊದಲೇ ಅವರು ಬಿಳಿ ನೆಟ್ಟಿನ ಐದು ಚೂರನ್ನು ಚಹಾದ ಡಿಕಾಕ್ಷನ್‌ನಲ್ಲಿ ಬೇರೆ ಬೇರೆ ಹೊತ್ತು ನೆನೆಸಿ, ಒಣಗಿಸಿ, ನನ್ನ ಮುಂಗೈ ಮೇಲೆ ಒಂದೊಂದಾಗಿ ಇಟ್ಟು ನೋಡಿದರು. ನಾಲ್ಕನೆಯದು ಮೈಗೆ ಸೇರಿಹೋಯಿತು, ಬಟ್ಟೆ ಇದೆ ಅಂತಲೇ ಗೊತ್ತಾಗಲಿಲ್ಲ. ಇಷ್ಟು ವರ್ಷ ಈ ದೇಶದಲ್ಲಿ ಬಟ್ಟೆ ಕೊಂಡಿದ್ದೇನೆ. ನನ್ನ ಬಣ್ಣಕ್ಕೆ ಬಟ್ಟೆಯನ್ನು ಹೊಂದಿಸಿದವರು ಇವರೇ ಮೊದಲು.

ಈಗ ಮನೆಯ ವಿಷಯ. ಮೊದಲ ಭೇಟಿ ಆದ ರಾತ್ರಿಯೇ ವಿಡಿಯೋ ಕಾಲ್ ಮಾಡಿ ಅವ್ವನಿಗೆ ಬಟ್ಟೆ ತೋರಿಸಿದೆ. "ಕರೇ ಬಟ್ಟಿ ಹಾಕ್ಕೊಂಡು ಮದುವಿ ಆಗ್ತಿಯೇನವಾ?" ಅಂದು ಅವ್ವ ಫೋನನ್ನು ಅಪ್ಪನ ಕೈಗೆ ಕೊಟ್ಟಳು. ಇಲ್ಲಿ ನನ್ನ ಅತ್ತೆಗೂ ಒಳಗೊಳಗೇ ಅಳುಕಿತ್ತು. ಕಪ್ಪಿನಲ್ಲಿ ಮದುವೆಯಾದವಳು ಹಿಂದಕ್ಕೆ ಹೋಗಬೇಕು ಅಂತ ಹಂಬಲಿಸುತ್ತಾಳೆ ಅನ್ನುವ ಅರ್ಥದ ಹಳೇ ಪ್ರಾಸದ ಮಾತು ಇಂಗ್ಲೆಂಡಿನಲ್ಲೂ ಇದೆ. ಎರಡೂ ಮನೆಯಲ್ಲಿ ಒಂದೇ ಭಯ. ಅದಕ್ಕೆ ನಾನು ಓದಲು ಕೂತೆ. ಮದುಮಗಳಿಗೆ ಬಿಳಿ ಅನ್ನುವುದು ಬ್ರಿಟನ್ನಿನಲ್ಲೂ ಅಂಥ ಹಳೇ ಪದ್ಧತಿಯೇನಲ್ಲ. 1840ರಲ್ಲಿ ವಿಕ್ಟೋರಿಯಾ ರಾಣಿ ಬಿಳಿ ಸ್ಯಾಟಿನ್ ತೊಟ್ಟು ಮದುವೆಯಾದ ಮೇಲೆ ಅದು ಹರಡಿತು. ಅದಕ್ಕೂ ಮುಂಚೆ, ಸಾಮಾನ್ಯರಲ್ಲಿ ಅದರ ನಂತರವೂ ಎಷ್ಟೋ ವರ್ಷ, ಹುಡುಗಿಯರು ತಮ್ಮ ಹತ್ತಿರ ಇದ್ದ ಒಳ್ಳೇ ಉಡುಪನ್ನೇ ಹಾಕಿಕೊಂಡು ಮದುವೆಯಾಗುತ್ತಿದ್ದರು. ಅದು ಕಪ್ಪೂ ಆಗಿರುತ್ತಿತ್ತು. ಸ್ಪೇನಿನಲ್ಲಂತೂ ಕಪ್ಪು ರೇಷ್ಮೆ ಮದುಮಗಳ ಬಣ್ಣವೇ ಆಗಿತ್ತು. ಇದನ್ನೆಲ್ಲ ಹೇಳಿದ ಮೇಲೆ ಅತ್ತೆ ಸಮಾಧಾನ ಆದರು. ಅವ್ವ ಆಗಲಿಲ್ಲ.

ಅವ್ವನನ್ನು ಒಪ್ಪಿಸಿದ್ದು ಆಯಿ, ಅಂದರೆ ನನ್ನ ಅಜ್ಜಿ. ಎಂಬತ್ತಾರು ವರ್ಷ. ಎಲ್ಲರ ಮಾತನ್ನೂ ಕೇಳುತ್ತಾ ಹಿಂದೆ ಕೂತಿದ್ದಳು. "ಚಂದ್ರಕಾಳಿ ಯಾವ ಬಣ್ಣದ್ದೈತಿ?" ಅಂದಳು ಅಷ್ಟೇ. ಎಲ್ಲರೂ ಸುಮ್ಮನಾದರು.

ನಮ್ಮ ಕಡೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಚಂದ್ರಕಾಳಿ ಅಂದರೆ ಕಪ್ಪು ಸೀರೆ. ಹಿಂದೆ ಉತ್ತರ ಕರ್ನಾಟಕದಲ್ಲಿ ಮದುಮಗಳ ಸೀರೆಗಳಲ್ಲಿ ಕಸೂತಿ ಹಾಕಿದ ಚಂದ್ರಕಾಳಿ ಇರಲೇಬೇಕಿತ್ತು. ಆಯಿಯ ಟ್ರಂಕಿನಲ್ಲಿ ಅವಳ ಮದುವೆಯ ಚಂದ್ರಕಾಳಿ ಇನ್ನೂ ಇದೆ. ಮಡಿಕೆಯಲ್ಲಿ ಸೀಳಿದೆ, ಉಡಲು ಬರುವುದಿಲ್ಲ. ಚಿಕ್ಕವಳಿದ್ದಾಗ ಅದರ ಸೆರಗಿನ ಮೇಲಿನ ಆನೆಗಳನ್ನು ಬೆರಳಿಟ್ಟು ಎಣಿಸುತ್ತಿದ್ದೆ. ಆ ಸೀರೆ ಕಪ್ಪು ಅನ್ನುವುದು ನನ್ನ ತಲೆಗೇ ಬಂದಿರಲಿಲ್ಲ. ಆಯಿ ಮುಂದುವರಿಸಿದಳು: "ಕರಿಮಣಿ ಇಲ್ದ ತಾಳಿ ಐತೇನ? ಸಂಕ್ರಾಂತಿಗೆ ಹೊಸ ಮದುಮಗಳಿಗೆ ಕರೇ ಸೀರಿ ಉಡಸೂದಿಲ್ಲೇನ?" ಆಮೇಲೆ ಅವ್ವ ಒಂದೇ ಒಂದು ಷರತ್ತು ಹಾಕಿದಳು. ಕರೇ ಬಟ್ಟಿ ಬರೇ ಇರಬಾರದು, ಕಸೂತಿ ಇರಬೇಕು.

ಧಾರವಾಡದಲ್ಲಿ ಕಸೂತಿ ಹಾಕುವ ಹೆಂಗಸೊಬ್ಬರ ಹತ್ತಿರ ಅವ್ವ ಮಾಡಿಸಿದಳು. ವೆಲ್ವೆಟ್ ಮೇಲೆ ಕಸೂತಿ ಹಾಕಲು ಆಗುವುದಿಲ್ಲ. ಕಸೂತಿಗೆ ಬಟ್ಟೆಯ ಎಳೆ ಎಣಿಸಬೇಕು. ಮೊದಲೇ ಚಿತ್ರ ಬರೆದುಕೊಳ್ಳುವ ಹಾಗಿಲ್ಲ, ದಾರಕ್ಕೆ ಗಂಟು ಹಾಕುವ ಹಾಗಿಲ್ಲ. ಅದಕ್ಕೇ ಕಪ್ಪು ರೇಷ್ಮೆಯ ಒಂದು ಪಟ್ಟಿಯ ಮೇಲೆ ಹಾಕಿಸಿ, ಅದನ್ನೇ ಗೌನಿನ ಸೊಂಟಪಟ್ಟಿ ಮಾಡೋಣ ಅಂತಾಯಿತು. ಮೂರು ಇಂಚು ಅಗಲ, ಮೂವತ್ತು ಇಂಚು ಉದ್ದ. ಕುಂಕುಮದ ಬಣ್ಣದ ದಾರ. ಗವಂತಿ ಮತ್ತು ಮುರ್ಗಿ ಹೊಲಿಗೆಯಲ್ಲಿ ಸಾಲಾಗಿ ಗೋಪುರಗಳು. ಒಂದು ಗೋಪುರ ನನ್ನ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಜುಲೈನಲ್ಲಿ ಪಾರ್ಸೆಲ್ ಬಂತು.

ಅದನ್ನು ವಿಟ್ಬಿಗೆ ತಗೊಂಡು ಹೋದ ದಿನ ಮರೆಯಲಾರೆ. ಅವರು ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಕಿಟಕಿಗೆ ಹಿಡಿದರು. ತಿರುಗಿಸಿದರು. ಮತ್ತೆ ತಿರುಗಿಸಿದರು. "ಇದರ ಒಳಮೈ ಯಾವುದು?" ಅಂದರು. ಎರಡೂ ಕಡೆ ಒಂದೇ ಥರ ಅಂದೆ. ಭೂತಗನ್ನಡಿ ತಂದು ದಾರ ಎಲ್ಲಿ ಶುರುವಾಗಿದೆ, ಎಲ್ಲಿ ಮುಗಿದಿದೆ ಅಂತ ಹುಡುಕಿದರು. ಗವಂತಿಯಲ್ಲಿ ಸೂಜಿ ಒಂದು ಎಳೆ ಬಿಟ್ಟು ಒಂದು ಎಳೆ ಹಿಡಿದು ಹೋಗುತ್ತದೆ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಅದಕ್ಕೇ ಹಿಂದೆ ಮುಂದೆ ವ್ಯತ್ಯಾಸ ಇರುವುದಿಲ್ಲ. ಇಂಗ್ಲೆಂಡಿನ ಹಳೇ ಕಸೂತಿಯಲ್ಲೂ ಇಂಥದೇ ಹೊಲಿಗೆ ಇದೆಯಂತೆ, ಬಿಳಿ ಬಟ್ಟೆಯ ಮೇಲೆ ಕಪ್ಪು ದಾರದಲ್ಲಿ ಹಾಕುತ್ತಿದ್ದರಂತೆ. ಅವರು ಆ ಪಟ್ಟಿಯ ಹಿಂದೆ ಲೈನಿಂಗ್ ಹಾಕಲು ಒಪ್ಪಲಿಲ್ಲ. ಒಳಗಿನ ಕೆಲಸ ಮುಚ್ಚುವುದು ತಪ್ಪು ಅಂದರು. ಮೇಲೂ ಕೆಳಗೂ ಸಣ್ಣ ಕೈಹೊಲಿಗೆ ಮಾತ್ರ ಹಾಕಿ, ಬೇಕಾದಾಗ ಬಿಚ್ಚುವ ಹಾಗೆ ಕೂರಿಸಿದರು.

ಹೊಲಿಗೆಯ ಗುಣಮಟ್ಟದ ಬಗ್ಗೆ ನನಗೆ ಒಂದು ದೂರೂ ಇಲ್ಲ. ಮೊದಲು ಕೋರಾ ಹತ್ತಿ ಬಟ್ಟೆಯಲ್ಲಿ ಪೂರ್ತಿ ಗೌನು ಹೊಲಿದು ಟ್ರಯಲ್ ನೋಡಿದರು. ಈ ಬಟ್ಟೆಗೆ ಇಲ್ಲಿ ಕ್ಯಾಲಿಕೋ ಅನ್ನುತ್ತಾರೆ, ನಮ್ಮ ಪಕ್ಕದ ಕಲ್ಲಿಕೋಟೆಯ ಹೆಸರು. ಅದರ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಕತ್ತರಿಸಿ, ಮತ್ತೆ ಪಿನ್ ಮಾಡಿ ಎರಡು ಗಂಟೆ ತಿದ್ದಿದರು. ಕೂರಿಸಿ, ಎಬ್ಬಿಸಿ, ಕೈ ಎತ್ತಿಸಿ, ಯಾರನ್ನೋ ತಬ್ಬಿಕೊಳ್ಳುವ ಹಾಗೆ ತೋಳು ಚಾಚಿಸಿ ನೋಡಿದರು. ಮೇಲಿನ ಭಾಗ ಕಾರ್ಸೆಟ್, ಅಂದರೆ ಕಡ್ಡಿ ಹಾಕಿ ಬೆನ್ನಿಗೆ ಲಾಡಿ ಕಟ್ಟುವ ಬಿಗಿ ರವಿಕೆ. ಒಳಗೆ ಗಟ್ಟಿ ನೇಯ್ಗೆಯ ಹತ್ತಿ ಬಟ್ಟೆ. ಬೆನ್ನಿಗೆ ಚಪ್ಪಟೆ ಸ್ಟೀಲ್ ಕಡ್ಡಿ, ಪಕ್ಕೆಗಳಿಗೆ ಬಳುಕುವ ಸುರುಳಿ ಸ್ಟೀಲ್ ಕಡ್ಡಿ. ಸೊಂಟದ ಸುತ್ತ ಒಳಗೆ ಒಂದು ಟೇಪು. ಎಳೆತವನ್ನೆಲ್ಲ ಆ ಟೇಪೇ ತಡೆಯುತ್ತದೆ, ಬಟ್ಟೆ ಹರಿಯುವುದಿಲ್ಲ. ಬೆನ್ನಿನ ಲಾಡಿ ಕಟ್ಟಿದಾಗ ಎರಡು ಇಂಚು ಜಾಗ ಉಳಿಯಬೇಕು ಅಂದರು. ಉಸಿರು ಸರಾಗ ಇದ್ದರೆ ಮಾತ್ರ ಅದು ಸರಿಯಾದ ಕಾರ್ಸೆಟ್. ಕಾರ್ಸೆಟ್ ಬೇರೆ, ಸ್ಕರ್ಟ್ ಬೇರೆ, ಕಣ್ಣಿಗೆ ಕಾಣದ ಹುಕ್ಕುಗಳಿಂದ ಕೂಡಿಸುವುದು. ಇದು ಒಳ್ಳೇ ಉಪಾಯ. ಬಾತ್‌ರೂಮಿಗೆ ಹೋಗುವುದು ಸುಲಭ, ಆಮೇಲೆ ಬೇರೆ ಬೇರೆಯಾಗಿಯೂ ಹಾಕಿಕೊಳ್ಳಬಹುದು.

ಕೊರತೆಗಳನ್ನೂ ಬರೆಯಬೇಕು. ಬಸ್ಸಿನಲ್ಲಿ ಲೀಡ್ಸ್‌ನಿಂದ ವಿಟ್ಬಿಗೆ ಮೂರು ಗಂಟೆಗೂ ಜಾಸ್ತಿ. ಐದು ಸಲ ಹೋಗಬೇಕಾಯಿತು, ಪ್ರತಿ ಸಲ ಒಂದು ಶನಿವಾರ ಪೂರ್ತಿ ಹೋಯಿತು. ದಾರಿಯಲ್ಲಿ ಆಗಸ್ಟ್‌ನಲ್ಲಿ ಬೆಟ್ಟವೆಲ್ಲ ನೇರಳೆ ಹೂ ಬಿಟ್ಟಿತ್ತು, ಅದಂತೂ ಚೆಂದ. ಅಟ್ಟಕ್ಕೆ ಹತ್ತುವ ಮೆಟ್ಟಿಲು ಕಡಿದಾದದ್ದು, ಮೊಣಕಾಲು ನೋವಿರುವ ತಾಯಂದಿರನ್ನು ಕರೆದುಕೊಂಡು ಹೋಗುವುದು ಕಷ್ಟ. ಫೋನ್ ಎತ್ತುವುದು ಕಡಿಮೆ, ಮೇಲ್‌ಗೆ ಉತ್ತರ ಬರಲು ವಾರ ಆಗುತ್ತದೆ. ಸೆಪ್ಟೆಂಬರ್‌ನಲ್ಲಿ ಹತ್ತು ದಿನ ಸುದ್ದಿಯೇ ಇಲ್ಲದಾಗ ನನಗೆ ನಿದ್ದೆ ಬರಲಿಲ್ಲ. ಎಡಗೈ ತೋಳಿನ ತುದಿ ಬಿಗಿಯಾಗಿತ್ತು, ಕೊನೆಯ ಫಿಟಿಂಗಿನಲ್ಲಿ ಬಿಚ್ಚಿ ಸರಿಮಾಡಿದರು. ಕಾರ್ಡ್ ತಗೊಳ್ಳುವುದಿಲ್ಲ. ಅರ್ಧ ದುಡ್ಡು ಮೊದಲೇ ಬ್ಯಾಂಕಿಗೆ ಹಾಕಬೇಕು.

ಒಟ್ಟು ಖರ್ಚು 1,680 ಪೌಂಡ್. ರೂಪಾಯಿ ಲೆಕ್ಕದಲ್ಲಿ ಎರಡು ಲಕ್ಷದ ಆಸುಪಾಸು. ಅದರಲ್ಲಿ ಬಟ್ಟೆ ಮತ್ತು ಲೇಸಿಗೇ 600 ಪೌಂಡ್ ಹತ್ತಿರ ಹೋಯಿತು. ಕಸೂತಿಯ ದುಡ್ಡು ಅವ್ವ ಹೇಳಲೇ ಇಲ್ಲ. ದುಬಾರಿ ಹೌದು. ನಾನು ಎರಡು ವರ್ಷ ಕೂಡಿಟ್ಟಿದ್ದೆ. ಅಷ್ಟು ದುಡ್ಡು ಇಲ್ಲದವರು ಲೇಸಿನಲ್ಲಿ ಉಳಿಸಿ, ಘೇರು ಕಡಿಮೆ ಮಾಡಿ, ಆದರೆ ವೆಲ್ವೆಟ್ ಮತ್ತು ಕಡ್ಡಿಯಲ್ಲಿ ಉಳಿಸಬೇಡಿ. ಸಮಯದ ಲೆಕ್ಕವನ್ನೂ ಮೊದಲೇ ಹಾಕಿ. ಇಂಗ್ಲೆಂಡಿನಲ್ಲಿ ರಿಜಿಸ್ಟರ್ ಮದುವೆಗೆ ನೋಟಿಸ್ ಕೊಟ್ಟ ಮೇಲೆ ಕಡಿಮೆ ಅಂದರೆ 28 ದಿನ ಕಾಯಬೇಕು. ಕಚೇರಿಯ ತಾರೀಕು ಗಟ್ಟಿಯಾಗುವ ತನಕ ಕಾದರೆ ಉಡುಪು ಹೊಲಿಸಲು ಸಮಯ ಸಾಲುವುದಿಲ್ಲ. ನಾನು ಬಟ್ಟೆ ಮೊದಲು ಹಿಡಿದೆ, ತಾರೀಕು ಆಮೇಲೆ.

ಒಡವೆಗೆ ವಿಟ್ಬಿ ಜೆಟ್ ಓಲೆ ತಗೊಂಡೆ. ಜೆಟ್ ಅಂದರೆ ಕಲ್ಲಲ್ಲ, ಸುಮಾರು 18 ಕೋಟಿ ವರ್ಷ ಹಿಂದಿನ ಮರ ನೆಲದೊಳಗೆ ಒತ್ತಿ ಕಪ್ಪಾಗಿ ಗಟ್ಟಿಯಾದದ್ದು. 1861ರಲ್ಲಿ ಗಂಡನನ್ನು ಕಳೆದುಕೊಂಡ ವಿಕ್ಟೋರಿಯಾ ಶೋಕದಲ್ಲಿ ಜೆಟ್ ಧರಿಸಿದ್ದರಿಂದ ಈ ಊರಿನ ಜೆಟ್ ವ್ಯಾಪಾರ ಇನ್ನೂ ಬೆಳೆಯಿತು. ಕೈಗೆ ಹಗುರ, ಮುಟ್ಟಿದರೆ ತಣ್ಣಗಿರುವುದಿಲ್ಲ. ಅದೇ ಹೆಸರಿನಲ್ಲಿ ಮಾರುವ ಕಪ್ಪು ಗಾಜು ಭಾರ ಮತ್ತು ತಣ್ಣಗೆ. ಕೊಳ್ಳುವಾಗ ಕೆನ್ನೆಗೆ ಒತ್ತಿ ನೋಡಿ, ತಿಳಿಯುತ್ತದೆ.

ಮದುವೆಯ ದಿನ ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ಗೌನು ನಾಲ್ಕೂವರೆ ಕಿಲೋ ತೂಗುತ್ತದೆ. ಆದರೆ ಭಾರವೆಲ್ಲ ಸೊಂಟದ ಮೇಲೆ ಕೂತಿದ್ದರಿಂದ ಭುಜ ನೋಯಲಿಲ್ಲ. ಸೆರಗಿನ ಹಾಗೆ ಹಿಂದೆ ಹರಿಯುವ ಭಾಗವನ್ನು ಎತ್ತಿ ಸಿಕ್ಕಿಸಲು ಐದು ಗುಂಡಿ ಇಟ್ಟಿದ್ದರು. ಕಾರಿನಿಂದ ಇಳಿದು ಮೆಟ್ಟಿಲು ಹತ್ತುವಾಗ ಅಂಚು ಒದ್ದೆಯಾಗಲಿಲ್ಲ. ಭುಜದ ಮೇಲೆ ಬಿದ್ದ ಹನಿಗಳು ಒಣಗಿದ ಮೇಲೆ ಗುರುತೂ ಉಳಿಯಲಿಲ್ಲ. ನವೆಂಬರ್ ಮಧ್ಯಾಹ್ನದ ಮಂಕು ಬೆಳಕಿನಲ್ಲಿ ತೆಗೆದ ಫೋಟೋದಲ್ಲಿ ಉಡುಪು ಕಪ್ಪಗೇ ಇದೆ, ನಡುವೆ ಗೋಪುರಗಳ ಕೆಂಪು ಸಾಲು ದೂರದಿಂದಲೂ ಕಾಣುತ್ತದೆ. ವಿಡಿಯೋದಲ್ಲಿ ನೋಡುತ್ತಿದ್ದ ಅವ್ವ ಏನೂ ಮಾತಾಡಲಿಲ್ಲ. ಎರಡೂ ಕೈಯಿಂದ ನಿವಾಳಿಸಿ ನೆಟಿಗೆ ಮುರಿದಳು.

ವೆಲ್ವೆಟ್ಟಿಗೆ ಇಸ್ತ್ರಿ ಮುಟ್ಟಿಸಬೇಡಿ. ಬಿಸಿನೀರು ಬಿಟ್ಟ ಬಾತ್‌ರೂಮಿನ ಹಬೆಯಲ್ಲಿ ತೂಗುಹಾಕಿದರೆ ಸುಕ್ಕು ಹೋಗುತ್ತದೆ. ನಾಯಿಕೂದಲು, ದೂಳು ಬೇಗ ಹಿಡಿಯುತ್ತದೆ, ಹತ್ತಿ ಚೀಲದಲ್ಲಿ ಇಡಬೇಕು.

ಜನವರಿಯಲ್ಲಿ ಸಂಕ್ರಾಂತಿಗೆ ಬೆಳಗಾವಿಗೆ ಹೋಗುತ್ತಿದ್ದೇವೆ. ಸ್ಕರ್ಟ್ ಇಲ್ಲೇ ಉಳಿಯುತ್ತದೆ, ಅಷ್ಟು ಬಟ್ಟೆ ಸೂಟ್‌ಕೇಸಿಗೆ ಹಿಡಿಸುವುದಿಲ್ಲ. ಸೊಂಟಪಟ್ಟಿ ಬಿಚ್ಚಿ ತಗೊಂಡು ಹೋಗುತ್ತೇನೆ. ಫೋನಿನಲ್ಲಿ ಹೊರಮೈ ನೋಡಿದೆ, ಒಳಮೈ ಕೈಯಾಗ ಹಿಡಿದು ನೋಡಬೇಕು ಅಂದಿದ್ದಾಳೆ ಆಯಿ.